ಕಾಂಬಿನೇಷನ್ ಕಾಲಂ ಖಾಲಿ ಬಿಟ್ಟು ಬಂದವರಿಗೆ

ಮೇ ತಿಂಗಳಲ್ಲಿ ನನ್ನ ಅಂಗಡಿಯ ಫ್ಯಾನು ಬಿಸಿಗಾಳಿಯನ್ನೇ ತಿರುಗಿಸಿ ಕೊಡುತ್ತದೆ. ಕಲಬುರಗಿಯಲ್ಲಿ ಬಿಸಿಲು 42, 43 ಡಿಗ್ರಿ ಮುಟ್ಟುವ ಹೊತ್ತಿಗೇ ಎಸ್ಸೆಸ್ಸೆಲ್ಸಿ ಮಕ್ಕಳ ಅಡ್ಮಿಷನ್ ಗಡಿಬಿಡಿಯೂ ಶುರು. ಝೆರಾಕ್ಸ್, ಪ್ರಿಂಟು, ಆನ್‌ಲೈನ್ ಅರ್ಜಿ, ಇದು ನನ್ನ ಕಸುಬು. ಮಕ್ಕಳು ಪಿಯು ಕಾಲೇಜಿನ ಫಾರಂ ಹಿಡಿದು ಬರುತ್ತಾರೆ. ಹೆಸರು, ಊರು, ಆಧಾರ್ ನಂಬರ್, ಅಪ್ಪನ ಆದಾಯ ಎಲ್ಲ ಚೆಂದ ಬರೆದಿರುತ್ತಾರೆ. ಯಾವ ವಿಷಯಗಳ ಗುಂಪು ಓದುತ್ತೀರಿ ಅಂತ ಕೇಳುವ ಒಂದು ಕಾಲಂ ಮಾತ್ರ ಖಾಲಿ. ಕಾಂಬಿನೇಷನ್.

"ಸರ, ಇಲ್ಲಿ ಏನ್ ಬರೀಲ್ರಿ?"

ಝೆರಾಕ್ಸ್ ಅಂಗಡಿಯವನನ್ನು ಕೇಳುವ ಪ್ರಶ್ನೆಯಾ ಇದು? ಮೊದಮೊದಲು ನಗು ಬರುತ್ತಿತ್ತು. ಆಮೇಲೆ ಅನ್ನಿಸಿತು, ಕೇಳಿದ್ದರಲ್ಲಿ ತಪ್ಪೇನಿಲ್ಲ ಅಂತ. ಸಿಇಟಿ, ನೀಟ್, ನರ್ಸಿಂಗ್, ಪೊಲೀಸ್, ಗ್ರಾಮ ಆಡಳಿತಾಧಿಕಾರಿ, ಎಲ್ಲ ಅರ್ಜಿಗಳೂ ನನ್ನ ಕೈಯಲ್ಲೇ ಹಾದು ಹೋಗುತ್ತವೆ. ಪ್ರತಿಯೊಂದರಲ್ಲೂ 'ಅರ್ಹತೆ' ಅಂತ ಒಂದು ಕಡೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಅದನ್ನು ನನ್ನಷ್ಟು ಸಲ ಓದಿದವರು ಈ ಓಣಿಯಲ್ಲಿ ಯಾರೂ ಇರಲಿಕ್ಕಿಲ್ಲ.

ಇನ್ನೊಂದು ಕಾರಣವೂ ಇದೆ. 1997ರಲ್ಲಿ ನನ್ನ ಫಾರಂನಲ್ಲೂ ಆ ಕಾಲಂ ಖಾಲಿ ಇತ್ತು. ಸೋದರಮಾವ ಪೆನ್ನು ತಗೊಂಡು ಪಿಸಿಎಂಬಿ ಅಂತ ಬರೆದ, ಅಂದರೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ. "ಸೈನ್ಸ್ ತಗೊಂಡ್ರ ಎಲ್ಲಾ ದಾರಿ ಖುಲ್ಲಾ ಇರ್ತಾವ" ಅಂದ. ಎರಡು ವರ್ಷ ಆದ ಮೇಲೆ ಫಿಸಿಕ್ಸು, ಮ್ಯಾಥ್ಸು ಎರಡರಲ್ಲೂ ಡುಮ್ಕಿ. ಸಪ್ಲಿಮೆಂಟರಿ ಬರೆದು ಫಿಸಿಕ್ಸಿನಲ್ಲಿ 37 ತಗೊಂಡು ಪಾಸಾದೆ. ಖುಲ್ಲಾ ಇದ್ದ ದಾರಿಗಳೆಲ್ಲ ಆ 37 ನೋಡಿ ಬಾಗಿಲು ಹಾಕಿಕೊಂಡವು. ಕೊನೆಗೆ ಬಿಎ ಮಾಡಿದೆ.

ಮಾವ ಹೇಳಿದ್ದು ಪೂರ್ತಿ ಸುಳ್ಳಲ್ಲ, ಅರ್ಧ ಖರೆ. ಆ ಅರ್ಧ ಯಾವುದು ಅಂತ ಮೊದಲು ನೋಡಿಬಿಡೋಣ.

ಒಂದು ಹಾಳೆ ತಗೊಳ್ಳಿ. ಮುಂದೆ ಏನಾಗಬೇಕು ಅಂತ ಅದರಲ್ಲಿ ಬರೆಯಬೇಡಿ, ಅದು ಗೊತ್ತಿಲ್ಲ ಅಂತಲೇ ಅಲ್ವಾ ಇಲ್ಲಿಗೆ ಬಂದಿದ್ದು. ಯಾವ ವಿಷಯ ಬಿಟ್ಟರೆ ಯಾವ ಬಾಗಿಲು ಮುಚ್ಚುತ್ತದೆ, ಅದನ್ನು ಬರೆಯಿರಿ. ಬಯಾಲಜಿ ಬಿಟ್ಟರೆ ಎಂಬಿಬಿಎಸ್, ಬಿಎಸ್ಸಿ ನರ್ಸಿಂಗ್, ಬೀದರಿನ ವೆಟರ್ನರಿ ಕಾಲೇಜು, ಭೀಮರಾಯನಗುಡಿಯ ಕೃಷಿ ಕಾಲೇಜು ಇವೆಲ್ಲ ಕೈ ಬಿಟ್ಟವು. ಮ್ಯಾಥ್ಸ್ ಬಿಟ್ಟರೆ ಎಂಜಿನಿಯರಿಂಗ್ ಹೋಯಿತು, ಆರ್ಕಿಟೆಕ್ಚರ್ ಹೋಯಿತು. ಬಿ.ಫಾರ್ಮಾಗೆ ಫಿಸಿಕ್ಸ್, ಕೆಮಿಸ್ಟ್ರಿ ಜೊತೆ ಮ್ಯಾಥ್ಸು ಬಯಾಲಜಿ ಎರಡರಲ್ಲಿ ಒಂದಿದ್ದರೂ ನಡೆಯುತ್ತದೆ.

ಈಗ ಹಾಳೆ ತಿರುಗಿಸಿ. ಯಾವ ಕಾಂಬಿನೇಷನ್ ಓದಿದರೂ ಮುಚ್ಚದ ಬಾಗಿಲು ಯಾವುವು? ಐದು ವರ್ಷದ ಲಾ. ಸಿಎ ಫೌಂಡೇಷನ್, ಅಂದರೆ ಸಿಎ ಓದಿನ ಮೊದಲ ಪರೀಕ್ಷೆ. ಬಿಎ. ಡಿ.ಇಎಲ್.ಇಡಿ ಅನ್ನುವ ಶಿಕ್ಷಕ ತರಬೇತಿ ಮಾಡಿ ಪ್ರಾಥಮಿಕ ಶಾಲೆ ಮಾಸ್ತರ ಆಗುವುದು. ಕೆಎಎಸ್, ಐಎಎಸ್‌ಗೆ ಯಾವುದಾದರೂ ಒಂದು ಡಿಗ್ರಿ ಸಾಕು. ಈ ಪಟ್ಟಿ ನೋಡಿ ತುಂಬ ಜನ ದಂಗಾಗುತ್ತಾರೆ. ಸಿಎ ಆಗಲು ಪಿಯುನಲ್ಲಿ ಕಾಮರ್ಸೇ ಓದಿರಬೇಕು ಅಂತ ಅರ್ಧ ಊರು ನಂಬಿದೆ. ಹಂಗೇನಿಲ್ಲ. ಕಾಮರ್ಸ್ ಓದಿದವರಿಗೆ ಸ್ವಲ್ಪ ಸಲೀಸು, ಅಷ್ಟೇ.

ಹಾಗಾದರೆ ಲೆಕ್ಕ ಸರಳ: ಸೈನ್ಸಿನಿಂದ ಕಾಮರ್ಸಿಗೆ, ಆರ್ಟ್ಸಿಗೆ ಇಳಿಯಬಹುದು, ವಾಪಸ್ ಹತ್ತಲು ಆಗುವುದಿಲ್ಲ. ಮಾವನ ಮಾತಿನಲ್ಲಿ ಖರೆ ಇದ್ದದ್ದು ಇಷ್ಟು.

ಇನ್ನು ಅವನು ಹೇಳದೆ ಬಿಟ್ಟದ್ದು. ಎಂಜಿನಿಯರಿಂಗ್ ಸೀಟಿಗೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಓದಿದ್ದರೆ ಸಾಲದು. ಸಿಇಟಿ ರ್‍ಯಾಂಕಿಗೆ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ ಹಿಡಿಯುತ್ತಾರೆ. ಅದಕ್ಕೂ ಮೊದಲು ಪಿಯುನಲ್ಲಿ ಆ ಮೂರು ವಿಷಯ ಸೇರಿ 45 ಪರ್ಸೆಂಟ್ ಇರಬೇಕು, ಮೀಸಲಾತಿ ಇದ್ದವರಿಗೆ 40. ಎಂಬಿಬಿಎಸ್‌ಗೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಸೇರಿ 50 ಪರ್ಸೆಂಟ್, ಮೀಸಲಾತಿಯವರಿಗೆ 40, ಅದರ ಮೇಲೆ ನೀಟ್. ಅಂದರೆ ಬಾಗಿಲಿಗೆ ಎರಡು ಕೀಲಿ. ಒಂದು ವಿಷಯ, ಇನ್ನೊಂದು ಅಂಕ. 38 ಪರ್ಸೆಂಟಿನ ಪಿಸಿಎಂಬಿಗಿಂತ 85 ಪರ್ಸೆಂಟಿನ ಆರ್ಟ್ಸಿಗೆ ಜಾಸ್ತಿ ಬಾಗಿಲು ತೆರೆಯುತ್ತವೆ. ಇದನ್ನು ನಾನು ಹೊಟ್ಟೆಕಿಚ್ಚಿಗೆ ಹೇಳುತ್ತಿಲ್ಲ, ಸೀಟು ಸಿಗದೆ ವಾಪಸ್ ಬಂದವರ ಪ್ರಿಂಟ್ ತೆಗೆದು ತೆಗೆದು ಹೇಳುತ್ತಿದ್ದೇನೆ.

ನಿಮ್ಮಿಂದ ಆ ಅಂಕ ಬರುತ್ತದಾ ಇಲ್ಲವಾ, ಸೇರುವ ಮೊದಲೇ ಹೇಗೆ ಗೊತ್ತಾಗಬೇಕು? ಎಸ್ಸೆಸ್ಸೆಲ್ಸಿ ಅಂಕ ನೋಡಿ ತೀರ್ಮಾನ ಮಾಡಿದರೆ ಮೋಸ ಹೋಗುತ್ತೀರಿ. 625ಕ್ಕೆ 560 ಬಂದವರೂ ಫಸ್ಟ್ ಪಿಯು ಫಿಸಿಕ್ಸಿನಲ್ಲಿ ಮುಗ್ಗರಿಸುವುದನ್ನು ನೋಡಿದ್ದೇನೆ. ನನ್ನ ಅಕ್ಕನ ಮಗಳಿಗೆ ನಾನು ಮಾಡಿಸಿದ್ದು ಹೇಳುತ್ತೇನೆ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಅವಳ ಅಪ್ಪ, ಅಂದರೆ ನಮ್ಮ ಭಾವ, ಕಪನೂರ ಕಡೆ ಒಂದು ದಾಲ್‌ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾನೆ. ಅವನದು ಒಂದೇ ಹಟ, ಮಗಳು ಎಂಜಿನಿಯರ್ ಆಗಬೇಕು. ಹುಡುಗಿಯದು ಒಂದೇ ಮಾತು, "ಮಾಮಾ, ನಂಗ ಏನೂ ತಿಳಿವಲ್ದು." ಓಣಿಯ ಸೀನಿಯರ್ ಮಕ್ಕಳ ಹತ್ತಿರ ಫಸ್ಟ್ ಪಿಯು ಹಳೆ ಪುಸ್ತಕ ಕೇಳಿ ತಂದೆ. ಫಿಸಿಕ್ಸ್, ಬಯಾಲಜಿ, ಅಕೌಂಟೆನ್ಸಿ, ಪೊಲಿಟಿಕಲ್ ಸೈನ್ಸ್. ನಾಲ್ಕು ಸಂಜೆ, ದಿನಕ್ಕೊಂದು ಪುಸ್ತಕ, ಅಂಗಡಿಯ ಹಿಂದಿನ ಬೆಂಚಿನ ಮೇಲೆ ಒಂದೂವರೆ ತಾಸು. ಮೊದಲ ಪಾಠ ಓದಬೇಕು, ಕೊನೆಯಲ್ಲಿರುವ ನಾಲ್ಕು ಪ್ರಶ್ನೆ ಬಿಡಿಸಬೇಕು. ಫೋನು ನನ್ನ ಡ್ರಾಯರಿನಲ್ಲಿ.

ಫಿಸಿಕ್ಸ್ ಸಂಜೆ, ಮಾನಗಳು ಮತ್ತು ಅಳತೆಯ ಪಾಠ. ಇಪ್ಪತ್ತು ನಿಮಿಷಕ್ಕೆ ನೀರು ಕುಡಿಯಲು ಎದ್ದಳು. ಮತ್ತೆ ಇಪ್ಪತ್ತು ನಿಮಿಷಕ್ಕೆ ಟೈಮ್ ಕೇಳಿದಳು. ಲೆಕ್ಕ ಬಿಡಿಸಿದಳು, ಬರಲಿಲ್ಲ ಅಂತಲ್ಲ. ಮುಖ ಮಾತ್ರ ಹಾಗಲಕಾಯಿ ತಿಂದ ಹಾಗೆ. ಬಯಾಲಜಿ ದಿನ ಚಿತ್ರ ನೋಡುತ್ತಾ ಕೂತಳು, ಪಾಠ ಮುಂದೆ ಹೋಗಲಿಲ್ಲ. ಅಕೌಂಟೆನ್ಸಿ ದಿನ ಮಾತ್ರ ನಾನೇ ಅವಳ ಕಡೆ ತಿರುಗಿ ನೋಡಬೇಕಾಯಿತು. ಒಬ್ಬ 20,000 ರೂಪಾಯಿ ಬಂಡವಾಳ ಹಾಕಿ ಅಂಗಡಿ ಶುರು ಮಾಡಿದರೆ ನಗದು ಖಾತೆ ಡೆಬಿಟ್, ಬಂಡವಾಳ ಖಾತೆ ಕ್ರೆಡಿಟ್. ಅಷ್ಟು ಓದಿ ಪೆನ್ಸಿಲ್ ಕಚ್ಚಿಕೊಂಡು ಕೂತಿದ್ದಳು. ಆಮೇಲೆ ಕೇಳಿದಳು, "ಮಾಮಾ, ನಿಮ್ಮ ಝೆರಾಕ್ಸ್ ಮಷಿನ್ ಖರ್ಚೋ, ಆಸ್ತಿನೋ?"

"ಆಸ್ತಿ."

"ಮತ್ತ ಟೋನರ್?"

"ಅದು ಖರ್ಚು."

"ಮತ್ತ ಮಷಿನ್ ಹಳೀದಾದಂಗ ಅದರ ಬೆಲೆ ಕಡಿಮಿ ಆಗಂಗಿಲ್ಲೇನು? ಅದನ್ನ ಎಲ್ಲಿ ಬರೀತಾರ?"

ಸವಕಳಿ ಅಂದರೆ ಏನು ಅಂತ ಪುಸ್ತಕ ಇನ್ನೂ ಹೇಳಿರಲಿಲ್ಲ. ಅವಳೇ ಅಲ್ಲಿಗೆ ಹೋಗಿ ನಿಂತಿದ್ದಳು. ಆ ಸಂಜೆ ಅವಳು ಫೋನ್ ಕೇಳಲೇ ಇಲ್ಲ.

ನೀವೂ ಹೀಗೆ ಮಾಡಿ ನೋಡಿ. ಇಷ್ಟ ಆಯಿತಾ ಅಂತ ಕೇಳಿಕೊಳ್ಳಬೇಡಿ, ಆ ಪ್ರಶ್ನೆಗೆ ಹದಿನಾರು ವರ್ಷಕ್ಕೆ ಉತ್ತರ ಸಿಗುವುದಿಲ್ಲ. ಎಷ್ಟು ಸಲ ಎದ್ದಿರಿ, ಎಣಿಸಿ. ಪುಸ್ತಕದಲ್ಲಿ ಇಲ್ಲದ ಒಂದು ಪ್ರಶ್ನೆ ಯಾವ ದಿನ ಹುಟ್ಟಿತು, ಬರೆದಿಡಿ.

ಈಗ ಗುಂಪಿನ ಒಳಗಿನ ಆಯ್ಕೆ. ಫಿಸಿಕ್ಸ್ ಸಂಜೆ ಚೆನ್ನಾಗಿ ಕಳೆದವರು, ಮುಂದೇನು ಗೊತ್ತಿಲ್ಲದಿದ್ದರೆ, ನನ್ನ ಮಟ್ಟಿಗೆ ಪಿಸಿಎಂಬಿಯೇ ತಗೊಳ್ಳಿ. ಕಂಪ್ಯೂಟರ್ ಎಂಜಿನಿಯರಿಂಗ್ ಮಾಡಬೇಕು, ಅದಕ್ಕೆ ಬಯಾಲಜಿ ಜಾಗದಲ್ಲಿ ಕಂಪ್ಯೂಟರ್ ಸೈನ್ಸ್ ಇರುವ ಪಿಸಿಎಂಸಿಯೇ ಬೇಕು ಅನ್ನುವ ಮಾತು ಸುಳ್ಳು. ಪಿಸಿಎಂಬಿ ಓದಿದವರೂ ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್ ಸೇರುತ್ತಾರೆ, ರ್‍ಯಾಂಕಿಗೆ ನೋಡುವುದು ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸನ್ನೇ. ಬಯಾಲಜಿ ಓದುವುದೇ ಬೇಡ, ಡಾಕ್ಟರ ಕಡೆಯೂ ಮನಸ್ಸಿಲ್ಲ ಅಂತ ಖಾತ್ರಿ ಇದ್ದವರಿಗೆ ಮಾತ್ರ ಕಂಪ್ಯೂಟರ್ ಸೈನ್ಸ್, ಎಲೆಕ್ಟ್ರಾನಿಕ್ಸ್, ಸ್ಟ್ಯಾಟಿಸ್ಟಿಕ್ಸ್.

ಕಾಮರ್ಸಿನಲ್ಲಿ ಎಲ್ಲರೂ ಹೆಬಾ ಕಡೆ ಓಡುತ್ತಾರೆ, ಅಂದರೆ ಹಿಸ್ಟರಿ, ಎಕನಾಮಿಕ್ಸ್, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ. ಹಿಸ್ಟರಿ ಸಲೀಸು ಅಂತ. ಇನ್ನೂ ತೀರ್ಮಾನ ಆಗದವರು ಹಿಸ್ಟರಿ ಜಾಗದಲ್ಲಿ ಸ್ಟ್ಯಾಟಿಸ್ಟಿಕ್ಸ್ ಇರುವ ಸೆಬಾ ತಗೊಳ್ಳುವುದು ಒಳ್ಳೆಯದು. ಇಲ್ಲವೇ ಬೇಸಿಕ್ ಮ್ಯಾಥ್ಸ್ ಇರುವುದು. ಸಿಎ ಫೌಂಡೇಷನ್‌ನಲ್ಲೂ ಲೆಕ್ಕ, ಸ್ಟ್ಯಾಟಿಸ್ಟಿಕ್ಸ್ ಪೇಪರ್ ಇದೆ. ಮುಂದೆ ಎಂಬಿಎ ಎಂಟ್ರೆನ್ಸ್, ಬ್ಯಾಂಕ್ ಪರೀಕ್ಷೆ ಎಲ್ಲದರಲ್ಲೂ ಅಂಕಿಯ ಆಟವೇ.

ಆರ್ಟ್ಸ್ ತಗೊಂಡವರನ್ನು ನಮ್ಮ ಕಡೆ ಕನಿಕರದಿಂದ ನೋಡುತ್ತಾರೆ. ಬಿಡಿ. ಹಿಸ್ಟರಿ, ಎಕನಾಮಿಕ್ಸ್, ಪೊಲಿಟಿಕಲ್ ಸೈನ್ಸ್ ಮೂರೂ ಇರಲಿ. ನಾಲ್ಕನೆಯದು ಸೋಷಿಯಾಲಜಿಯೋ, ಜಿಯಾಗ್ರಫಿಯೋ, ಐಚ್ಛಿಕ ಕನ್ನಡವೋ ಅಂತ ಕೇಳಿದರೆ, ಡಿಗ್ರಿಯಲ್ಲೂ ಓದುವ ಮನಸ್ಸಿರುವುದನ್ನು ಹಿಡಿಯಿರಿ. ಕೆಎಎಸ್ ತಲೆಯಲ್ಲಿದ್ದರೆ ಜಿಯಾಗ್ರಫಿ ಸಿಕ್ಕ ಕಡೆ ಬಿಡಬೇಡಿ.

ಕೈಕೆಲಸದಲ್ಲಿ ಚುರುಕು, ಪುಸ್ತಕ ಕಂಡರೆ ಆಕಳಿಕೆ ಅನ್ನುವ ಮಕ್ಕಳೂ ಇದ್ದಾರೆ. ಅವರಿಗೆ ಪಿಯು ಬಿಟ್ಟು ಡಿಪ್ಲೊಮಾ ಇದೆ. ಮೂರು ವರ್ಷ. ಆಮೇಲೆ ಡಿಸಿಇಟಿ, ಅಂದರೆ ಡಿಪ್ಲೊಮಾ ಮುಗಿಸಿದವರ ಸಿಇಟಿ ಬರೆದು ಎಂಜಿನಿಯರಿಂಗ್ ಎರಡನೇ ವರ್ಷಕ್ಕೇ ಸೇರಬಹುದು.

ಕಾಂಬಿನೇಷನ್ ತಲೆಯಲ್ಲಿ ಕೂತ ಮೇಲೆ ಕಾಲೇಜು ನೋಡಿ. ಹಾಳೆಯ ಮೇಲೆ ಇದ್ದದ್ದು ಕಾಲೇಜಿನಲ್ಲಿ ಇರಬೇಕಲ್ಲ. ತಾಲೂಕಿನ ಕಾಲೇಜಿನಲ್ಲಿ ನೀವು ಬಯಸಿದ ಗುಂಪು ಇಲ್ಲದೆ ಹೋಗಬಹುದು. ಇದ್ದರೂ ಮ್ಯಾಥ್ಸಿಗೆ ಲೆಕ್ಚರರ್ ಇದ್ದಾರಾ, ಗೆಸ್ಟ್ ಲೆಕ್ಚರರ್ ಆದರೆ ಯಾವ ತಿಂಗಳಿಂದ ಬರುತ್ತಾರೆ? ಆಫೀಸಿನಲ್ಲಿ ಕೇಳಬೇಡಿ, ಸೆಕೆಂಡ್ ಪಿಯು ಮಕ್ಕಳನ್ನು ಗೇಟಿನಲ್ಲಿ ಹಿಡಿದು ಕೇಳಿ. ಸೇರಿದ ಮೇಲೆ ಎಷ್ಟು ದಿನದೊಳಗೆ ಕಾಂಬಿನೇಷನ್ ಬದಲಿಸಬಹುದು, ಫೀಸು ವಾಪಸ್ ಬರುತ್ತದಾ, ಇದನ್ನು ಮಾತ್ರ ಆಫೀಸಿನಲ್ಲೇ ಕೇಳಿ, ಕಾಗದದ ಮೇಲೆ ತೋರಿಸಿ ಅನ್ನಿ. ನನ್ನ ಗೆಳೆಯನ ಮಗ ಒಂದು ಖಾಸಗಿ ಕಾಲೇಜಿಗೆ ಎರಡು ವರ್ಷದ ಕೋಚಿಂಗ್ ಸಮೇತ ದುಡ್ಡು ಕಟ್ಟಿ ಸೇರಿದ. ಮೂರು ವಾರಕ್ಕೆ ಆಗಲ್ಲ ಅಂದ. ದುಡ್ಡು ಬರಲಿಲ್ಲ ಅನ್ನುವುದು ಒತ್ತಟ್ಟಿಗಿರಲಿ, ಟಿಸಿ ಕೊಡಿಸಿಕೊಳ್ಳಲು ನಾವು ಹನ್ನೊಂದು ಸಲ ಹೋದೆವು. ಅಷ್ಟರಲ್ಲಿ ಬೇರೆ ಕಡೆ ಅಡ್ಮಿಷನ್ ಮುಗಿದಿತ್ತು. ಫೀಸು ಕಂತಿನಲ್ಲಿ ಕಟ್ಟಿ.

ಕನ್ನಡ ಮೀಡಿಯಂನಿಂದ ಬಂದವರು ಸೈನ್ಸ್ ಅಂದರೆ ಹೆದರಿ ಹಿಂದೆ ಸರಿಯುತ್ತಾರೆ. ಸೆಕೆಂಡ್ ಪಿಯು ಸೈನ್ಸ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇರುತ್ತದೆ, ನೀಟನ್ನೂ ಕನ್ನಡದಲ್ಲಿ ಬರೆಯಬಹುದು. ಕ್ಲಾಸು ಇಂಗ್ಲಿಷಿನಲ್ಲಿ ನಡೆಯುತ್ತದೆ, ಮೊದಲ ಮೂರು ತಿಂಗಳು ತಲೆ ಗಿರ್ರ್ ಅನ್ನುತ್ತದೆ, ಅದು ಬೇರೆ ಮಾತು. ಅದೊಂದೇ ಕಾರಣಕ್ಕೆ ಗುಂಪು ಬಿಡಬೇಡಿ.

ಯಾವ ಗುಂಪು ತಗೊಂಡರೂ ಮಾಡಲೇಬೇಕಾದ ಒಂದು ಕೆಲಸ ಇದೆ. ಹೈಸ್ಕೂಲಿಗೆ ಟಿಸಿ ತರಲು ಹೋದಾಗಲೇ ಒಂದರಿಂದ ಹತ್ತರವರೆಗಿನ ವ್ಯಾಸಂಗ ಪ್ರಮಾಣಪತ್ರ, ಗ್ರಾಮೀಣ, ಕನ್ನಡ ಮಾಧ್ಯಮ ಪ್ರಮಾಣಪತ್ರ ಬರೆಸಿಕೊಂಡು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಹಾಕಿಸಿ. ಆಮೇಲೆ ಎಸಿ (ಉಪವಿಭಾಗಾಧಿಕಾರಿ) ಆಫೀಸಿನಿಂದ 371(ಜೆ) ಸರ್ಟಿಫಿಕೇಟ್, ಅಂದರೆ ಸಂವಿಧಾನದ ತಿದ್ದುಪಡಿಯಿಂದ ನಮ್ಮ ಭಾಗಕ್ಕೆ ಸಿಕ್ಕ ಮೀಸಲಾತಿಯ ಕಾಗದ. ಆ ತಿದ್ದುಪಡಿ ಬಂದ ಮೇಲೆ ನಮ್ಮ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ 70 ಪರ್ಸೆಂಟ್ ಸೀಟು, ಉಳಿದ ಕರ್ನಾಟಕದಲ್ಲಿ 8 ಪರ್ಸೆಂಟ್ ಸೀಟು ಇಲ್ಲಿನ ಮಕ್ಕಳಿಗೆ ಇವೆ. ಈ ಭಾಗದ ಸಿ ಗ್ರೂಪ್ ನೌಕರಿಯಲ್ಲಿ 80 ಪರ್ಸೆಂಟ್. ಸೈನ್ಸ್ ಓದಿದರೆ ಮಾತ್ರ ನೌಕರಿ ಅನ್ನುವ ಮಾವಂದಿರಿಗೆ ಇದನ್ನೊಂದು ಸಲ ಓದಿ ಹೇಳಿ. ಸಿಇಟಿ ಅರ್ಜಿಯ ಕೊನೆ ದಿನ ರಾತ್ರಿ ಎಂಟಕ್ಕೆ ನನ್ನ ಅಂಗಡಿಗೆ ಓಡಿ ಬಂದು "ಆ ಸರ್ಟಿಫಿಕೇಟ್ ಇಲ್ರಿ" ಅನ್ನುವವರು ಪ್ರತಿ ವರ್ಷ ಇರುತ್ತಾರೆ.

ಮನೆಯವರನ್ನು ಒಪ್ಪಿಸುವುದು ಹೇಗೆ ಅಂತ ಕೇಳಬೇಡಿ, ನನಗೂ ಪೂರ್ತಿ ಬಂದಿಲ್ಲ. ಭಾವ ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ದ. "ಜಿಂದಗಿಪೂರಾ ಲೆಕ್ಕಾ ಬರ್ದು ಸಾಕಾಗ್ಯಾದ, ಮಗಳೂ ಅದೇ ಬರೀಬೇಕಾ?" ಅಂದ. ಆ ನಾಲ್ಕು ಸಂಜೆಯ ಹಾಳೆ ಅವನ ಮುಂದೆ ಇಟ್ಟೆ. ಫಿಸಿಕ್ಸ್ ದಿನ ಐದು ಸಲ ಎದ್ದಿದ್ದಾಳೆ, ಅಕೌಂಟೆನ್ಸಿ ದಿನ ಒಂದು ಸಲವೂ ಇಲ್ಲ. ಓದಿದ, ಮಡಚಿ ಕಿಸೆಯಲ್ಲಿ ಇಟ್ಟುಕೊಂಡ, ಚಹಾ ಕುಡಿಯದೆ ಹೋದ. ಮೂರನೇ ದಿನ ಹುಡುಗಿಯೇ ಫಾರಂ ತಂದಳು. ಕಾಲಂನಲ್ಲಿ ಅಪ್ಪನ ಅಕ್ಷರದಲ್ಲಿ ಸೆಬಾ ಅಂತ ಬರೆದಿತ್ತು.

ಕ್ಲಾಸು ಶುರುವಾಗಿ ಎರಡು ತಿಂಗಳಾದ ಮೇಲೆ ಸ್ಕಾಲರ್‌ಶಿಪ್ಪಿಗೆ ಅಂತ ಬಂದು ಹತ್ತು ಝೆರಾಕ್ಸ್ ತೆಗೆಸಿಕೊಂಡಳು. ಅವಳ ಹತ್ತಿರ ದುಡ್ಡು ತಗೊಳ್ಳಲು ಆಗುತ್ತದಾ? "ಇರ್ಲಿ ಬಿಡವ್ವ, ಅಂಗಡಿ ಖರ್ಚಿಗೆ ಬರ್ಕೋತೀನಿ" ಅಂದೆ.

"ಖರ್ಚು ಅಲ್ಲ ಮಾಮಾ, ಮಾಲೀಕ ಮನೀಗಿ ತಗೊಂಡಿದ್ದು ಡ್ರಾಯಿಂಗ್ಸ್ ಆಗ್ತದ" ಅಂದು ಹಾಳೆ ಎಣಿಸಿಕೊಂಡು ಹೋದಳು.