ಇನ್‌ಸ್ಟಾಲ್ ಒತ್ತುವ ಮೊದಲು ಪಕ್ಕದ ಪಟ್ಟಿ ನೋಡಿ

ಸುರತ್ಕಲ್‌ನ ಅಕ್ಕನ ಮನೆಯಲ್ಲಿ ಒಂದು ಹಳೇ ಲ್ಯಾಪ್‌ಟಾಪ್ ಉಂಟು. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. 11 ಹಾಕೋಣ ಎಂದರೆ ಅದು ಒಪ್ಪಲಿಲ್ಲ. ನಾನು ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ 22 ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿಕೊಟ್ಟೆ. ಎರಡೇ ದಿನಕ್ಕೆ ಅಕ್ಕನ ಮಗಳ ಫೋನ್: "ಮಾಮ, ಯಕ್ಷಗಾನದ ಪೋಸ್ಟರ್ ಮಾಡ್ಲಿಕ್ಕೆ ಗಿಂಪ್ ಬೇಕು. ಇಲ್ಲಿ ಎರಡು ಉಂಟು, ಯಾವುದು ಹಾಕುವುದು?"

ಗಿಂಪ್ ಎಂದರೆ ಚಿತ್ರ ತಿದ್ದುವ ಆ್ಯಪ್. ಒಂದೇ ಆ್ಯಪ್ ಎರಡು ರೂಪದಲ್ಲಿ ಕಂಡಾಗ ಹೆಚ್ಚಿನವರು ತಡವರಿಸುವುದು ಇಲ್ಲೇ.

ಮೊದಲು ಕೆಳಗೆ ಮೂಲೆಯಲ್ಲಿರುವ ಗುರಾಣಿ ಚಿತ್ರ ಒತ್ತಿ, ಬಾಕಿ ಅಪ್‌ಡೇಟ್ ಮುಗಿಸಿ. ಆಮೇಲೆ ಮಿಂಟ್‌ನ ಆ್ಯಪ್ ಅಂಗಡಿಯಾದ ಸಾಫ್ಟ್‌ವೇರ್ ಮ್ಯಾನೇಜರ್ ತೆರೆದು ಆ್ಯಪ್ ಹೆಸರನ್ನೇ ಹುಡುಕಿ. ಸುಮ್ನೆ 'ಫೋಟೋ' ಎಂದರೆ ರಾಶಿ ಬೀಳುತ್ತದೆ.

ಈಗ ಇನ್‌ಸ್ಟಾಲ್ ಬಟನ್ ಹತ್ತಿರದ ಸಣ್ಣ ಪಟ್ಟಿ ಬಿಡಿಸಿ. 'ಸಿಸ್ಟಮ್ ಪ್ಯಾಕೇಜ್' ಎಂದರೆ ಮಿಂಟ್‌ನ ಸ್ವಂತ ಉಗ್ರಾಣದ್ದು. ಮಿಂಟ್ 22 ನಿಂತಿರುವುದು 2024ರಲ್ಲಿ ಬಂದ ಉಬುಂಟು 24.04 ಎಂಬ ಇನ್ನೊಂದು ಲಿನಕ್ಸ್‌ನ ಮೇಲೆ. ಹಾಗಾಗಿ ಅಲ್ಲಿ ಹಳೆಯ ಗಿಂಪ್ 2.10 ಮಾತ್ರ. ಇನ್ನೊಂದು ಫ್ಲ್ಯಾಟ್‌ಪ್ಯಾಕ್, ಫ್ಲ್ಯಾಟ್‌ಹಬ್ ಎಂಬ ಆನ್‌ಲೈನ್ ಆ್ಯಪ್ ಭಂಡಾರದಿಂದ ಬರುವಂಥದ್ದು. 2025ರ ಮಾರ್ಚ್‌ನಲ್ಲಿ ಬಂದ ಗಿಂಪ್ 3 ಬೇಕಾದರೆ ಈ ಪಟ್ಟಿಯಲ್ಲಿ ಇದೇ ದಾರಿ. ಆದರೆ ಇದು ಚಾಪೆ, ಪಾತ್ರೆ ಎಲ್ಲ ಹೊತ್ತುಕೊಂಡೇ ಬರುವ ನೆಂಟ: ತನಗೆ ಬೇಕಾದ ಪೂರಕ ಫೈಲ್‌ಗಳನ್ನೂ ಜೊತೆಗೇ ತರುತ್ತದೆ. ಮೊದಲ ಸಲ ನೂರಾರು ಎಂಬಿ ಇಳಿಯಬಹುದು. ಅದೇ ಸಾಮಾನು ಬಳಸುವ ಮುಂದಿನ ಆ್ಯಪ್‌ಗೆ ಅಷ್ಟು ಬೇಡ.

'ಹಳೆಯದು, ಸಣ್ಣದು', 'ಹೊಸದು, ದೊಡ್ಡದು' ಎಂದು ಬರೆದಿದ್ದರೆ ಮುಗಿಯುತ್ತಿತ್ತು, ಅಲ್ವಾ? 'ಸಿಸ್ಟಮ್ ಪ್ಯಾಕೇಜ್' ಅಂದರೆ ಆ ಹುಡುಗಿಗೆ ಏನು ತಿಳಿಯಬೇಕು!

ದೃಢೀಕರಿಸದ ಫ್ಲ್ಯಾಟ್‌ಪ್ಯಾಕ್‌ಗಳನ್ನು, ಅಂದರೆ ಆ್ಯಪ್ ಮಾಡಿದವರದ್ದೇ ಎಂದು ಖಾತ್ರಿಯಾಗದವನ್ನು, ಮಿಂಟ್ 22 ತಾನೇ ಮುಚ್ಚಿಡುತ್ತದೆ. ಸೆಟ್ಟಿಂಗ್‌ನಲ್ಲಿ ತೆರೆಯಬಹುದು. ತೀರಾ ಬೇಕಾಗದಿದ್ದರೆ ತೆರೆಯಬೇಡಿ.

ಇನ್‌ಸ್ಟಾಲ್ ಒತ್ತಿದಾಗ ಜೊತೆಗೆ ಏನೇನು ಬರುತ್ತದೆ, ಎಷ್ಟು ಜಾಗ ಬೇಕು ಎಂದು ಒಂದು ಕಿಟಕಿ ತೋರಿಸಬಹುದು. ಓದದೆ ಮುಂದೆ ಹೋಗಬೇಡಿ. ಪಾಸ್‌ವರ್ಡ್ ಕೇಳಿದರೆ ಲಾಗಿನ್‌ನದ್ದೇ ಕೊಡಿ. ಮುಂದೆ ಆ್ಯಪ್ ಬೇಡವಾದರೆ ಅದೇ ಪುಟದಲ್ಲಿ ತೆಗೆಯುವ ಬಟನ್ ಇರುತ್ತದೆ.

ಪೆನ್‌ಡ್ರೈವ್ ಹಿಡಿದು ಪ್ರೆಸ್ಸಿಗೆ ಹೋಗುವವರಿಗೆ ಇನ್ನೊಂದು ಮಾತು. ಕೆಲವು ಫ್ಲ್ಯಾಟ್‌ಪ್ಯಾಕ್ ಆ್ಯಪ್‌ಗಳಿಗೆ ಪೆನ್‌ಡ್ರೈವ್ ಕಾಣುವುದೇ ಇಲ್ಲ. ಹಾಳಾದದ್ದಲ್ಲ, ಸುರಕ್ಷತೆಗೆ ಹಾಕಿದ ಬೇಲಿ. ಫ್ಲ್ಯಾಟ್‌ಸೀಲ್ ಎಂಬ ಆ್ಯಪ್ ಹಾಕಿಕೊಂಡರೆ ಆ ಬೇಲಿ ಸಡಿಲಿಸಬಹುದು.

ಹುಡುಗಿ ಕೊನೆಗೆ 2.10 ಅನ್ನೇ ಹಾಕಿದಳು. ಮನೆಯಲ್ಲಿ ವೈಫೈ ಇಲ್ಲ, ಮೊಬೈಲ್‌ನಲ್ಲಿ ಆ ದಿನದ ಡೇಟಾ ಅರ್ಧ ಮುಗಿದಿತ್ತು.