ಇನ್‌ಸ್ಟಾಲರ್ ಮೂಲಕ ನುಸುಳುವ ಅಡ್ಮಿನ್ ಅಧಿಕಾರ: ಸಣ್ಣ ಕಚೇರಿಗಳಲ್ಲಿ ತಡೆಯುವ ಬಗೆ

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಜೋಡಿಸಿಕೊಂಡು ತಂದ ಹತ್ತಾರು ವಿಂಡೋಸ್ ಕಂಪ್ಯೂಟರ್‌ಗಳನ್ನು ಒಬ್ಬರೇ ನೋಡಿಕೊಳ್ಳುವ ಪೀಣ್ಯದ ಕಾರ್ಖಾನೆಗಳಲ್ಲಿ, ಜಯನಗರದ ಆಡಿಟರ್ ಕಚೇರಿಗಳಲ್ಲಿ, ಸಿಬ್ಬಂದಿಗೆ ಅಡ್ಮಿನ್ ಪಾಸ್‌ವರ್ಡ್ ಕೊಡದಿದ್ದರೆ ಸಾಕೆಂಬ ನಂಬಿಕೆಯಿದೆ. ಆದರೆ ಸಾಫ್ಟ್‌ವೇರ್ ಅಳವಡಿಸುವ ವಿಂಡೋಸ್ ಇನ್‌ಸ್ಟಾಲರ್ ಸರ್ವಿಸ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ), ಯಂತ್ರದ ಮೇಲೆ ಪೂರ್ಣ ಹಿಡಿತವಿರುವ 'ಸಿಸ್ಟಮ್' ಖಾತೆಯ ಅಧಿಕಾರದಲ್ಲಿ ಓಡುವುದರಿಂದ, ಅದನ್ನು ತನಗೆ ಬೇಕಾದಂತೆ ನಡೆಸಬಲ್ಲ ಸಾಮಾನ್ಯ ಬಳಕೆದಾರನ ಕೈಗೆ ಇಡೀ ಯಂತ್ರ ಸಿಗುತ್ತದೆ. ಇದನ್ನೇ ಪ್ರಿವಿಲೇಜ್ ಎಸ್ಕಲೇಶನ್ ಎನ್ನುತ್ತಾರೆ.

ಮೊದಲು ಗ್ರೂಪ್ ಪಾಲಿಸಿಯಲ್ಲಿ (ವಿಂಡೋಸ್‌ನ ನಿಯಮಗಳನ್ನು ಅಡ್ಮಿನ್ ನಿಗದಿಪಡಿಸುವ ಜಾಗ) 'ಆಲ್ವೇಸ್ ಇನ್‌ಸ್ಟಾಲ್ ವಿತ್ ಎಲಿವೇಟೆಡ್ ಪ್ರಿವಿಲೇಜಸ್' (ಯಾರು ಅಳವಡಿಸಿದರೂ ಹೆಚ್ಚಿನ ಅಧಿಕಾರದಲ್ಲೇ ಅಳವಡಿಸು) ಎಂಬ ಸೆಟ್ಟಿಂಗನ್ನು ಹುಡುಕಿ. ಅಪ್‌ಡೇಟ್ ಬಂದಾಗಲೆಲ್ಲ ಸಿಬ್ಬಂದಿ ಕರೆಯಬಾರದೆಂದು ಇದನ್ನು ಆನ್ ಮಾಡಿಟ್ಟವರಿದ್ದಾರೆ. ಇದು ಪೂರ್ಣ ಅಡ್ಮಿನ್ ಹಕ್ಕು ಕೊಟ್ಟದ್ದಕ್ಕೆ ಸಮವೆಂದು ಮೈಕ್ರೋಸಾಫ್ಟೇ ಎಚ್ಚರಿಸಿದೆ. ಕಂಪ್ಯೂಟರ್ ಮತ್ತು ಯೂಸರ್ ಎರಡೂ ವಿಭಾಗಗಳಲ್ಲಿ ಆನ್ ಆಗಿದ್ದಾಗ ಮಾತ್ರ ಅದು ಜಾರಿಯಾಗುತ್ತದೆ. ಎರಡೂ ಕಡೆ ಆಫ್ ಮಾಡಿ.

ಇದಕ್ಕಿಂತ ಹೆಚ್ಚು ಕಣ್ತಪ್ಪುವುದು ಫೋಲ್ಡರ್‌ಗಳ ವಿಷಯ. ಕೆಲವು ಬಿಲ್ಲಿಂಗ್ ಮತ್ತು ಹಾಜರಾತಿ ಸಾಫ್ಟ್‌ವೇರ್‌ಗಳ ಇನ್‌ಸ್ಟಾಲರ್‌ಗಳು 'ಪ್ರೋಗ್ರಾಮ್ ಫೈಲ್ಸ್' ಬಿಟ್ಟು ನೇರವಾಗಿ ಸಿ ಡ್ರೈವ್‌ನ ಬುಡದಲ್ಲೇ ಫೋಲ್ಡರ್ ತೆರೆಯುತ್ತವೆ. ಅಲ್ಲಿ ಹೊಸದಾಗಿ ಹುಟ್ಟುವ ಫೋಲ್ಡರ್‌ಗೆ, ಲಾಗಿನ್ ಆದ ಎಲ್ಲರೂ ಫೈಲ್ ಬದಲಿಸಬಹುದಾದ ಅನುಮತಿ ತಾನಾಗಿಯೇ ಅಂಟಿಕೊಳ್ಳುತ್ತದೆ. ಆ ಸಾಫ್ಟ್‌ವೇರಿನ ಸರ್ವಿಸ್ 'ಸಿಸ್ಟಮ್' ಆಗಿ ಓಡುತ್ತಿದ್ದರೆ, ಅದರ ಫೈಲಿನ ಜಾಗದಲ್ಲಿ ಸಾಮಾನ್ಯ ಬಳಕೆದಾರ ಅದೇ ಹೆಸರಿನ ತನ್ನ ಫೈಲ್ ಇಟ್ಟು ಯಂತ್ರವನ್ನು ರೀಸ್ಟಾರ್ಟ್ ಮಾಡಿದರಾಯಿತು: ಆ ಫೈಲ್ 'ಸಿಸ್ಟಮ್' ಅಧಿಕಾರದಲ್ಲೇ ಓಡುತ್ತದೆ. ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ ಸೆಕ್ಯುರಿಟಿ ತೆರೆದು, 'ಅಥೆಂಟಿಕೇಟೆಡ್ ಯೂಸರ್ಸ್' ಎದುರು 'ಮಾಡಿಫೈ' ಇದ್ದರೆ, ಅಡ್ವಾನ್ಸ್ಡ್‌ನಲ್ಲಿ ಇನ್‌ಹೆರಿಟೆನ್ಸ್ (ಮೇಲಿನ ಫೋಲ್ಡರಿನ ಅನುಮತಿ ಕೆಳಗಿಳಿಯುವುದು) ನಿಲ್ಲಿಸಿ, ಇರುವ ಅನುಮತಿಗಳನ್ನು ಉಳಿಸಿಕೊಂಡು, ಅವರಿಗೆ ಓದುವ ಮತ್ತು ಓಡಿಸುವ ಹಕ್ಕನ್ನಷ್ಟೇ ಬಿಡಿ. ಡೇಟಾ ಕೂಡ ಅಲ್ಲೇ ಇದ್ದರೆ ಬಿಲ್ಲಿಂಗ್ ನಿಂತೀತು. ಆಗ ಡೇಟಾ ಇರುವ ಒಳ ಫೋಲ್ಡರಿಗೆ ಮಾತ್ರ ಬರೆಯುವ ಹಕ್ಕು ಮರಳಿ ಕೊಡಬೇಕು. ಆ ಬಳಿಕ ಸಿಬ್ಬಂದಿಯ ಲಾಗಿನ್‌ನಲ್ಲೇ ಮುಖ್ಯ ಫೋಲ್ಡರಿನಲ್ಲಿ ಒಂದು ನೋಟ್‌ಪ್ಯಾಡ್ ಫೈಲ್ ಉಳಿಸಲು ಯತ್ನಿಸಿ: ವಿಂಡೋಸ್ ನಿರಾಕರಿಸಬೇಕು.

ಸಿಬ್ಬಂದಿಯ ಡೌನ್‌ಲೋಡ್ಸ್ ಫೋಲ್ಡರಿನಿಂದಲೇ ಇನ್‌ಸ್ಟಾಲರ್ ಓಡಿಸಿ ಅಡ್ಮಿನ್ ಪಾಸ್‌ವರ್ಡ್ ಒತ್ತುವ ಅಭ್ಯಾಸವನ್ನೂ ಬಿಡಿ, ಏಕೆಂದರೆ ಪಕ್ಕದಲ್ಲಿ ಯಾರೋ ಇಟ್ಟ ಡಿಎಲ್ಎಲ್ ಫೈಲನ್ನು (ಪ್ರೋಗ್ರಾಂ ಓಡುವಾಗ ಎತ್ತಿಕೊಳ್ಳುವ ಸಹಾಯಕ ಕೋಡ್) ಅನೇಕ ಇನ್‌ಸ್ಟಾಲರ್‌ಗಳು ತಮ್ಮದೇ ಎಂದು ಎತ್ತಿಕೊಳ್ಳುತ್ತವೆ. ತಯಾರಕರ ತಾಣದಿಂದ ನೀವೇ ಇಳಿಸಿಕೊಂಡು, ಅಡ್ಮಿನ್ ಮಾತ್ರ ಬರೆಯಬಹುದಾದ ಖಾಲಿ ಫೋಲ್ಡರಿನಿಂದ ಓಡಿಸಿ.

ಅಪ್‌ಡೇಟ್‌ಗಳನ್ನಂತೂ ಮುಂದೂಡಬೇಡಿ: ವಿಂಡೋಸ್ ಇನ್‌ಸ್ಟಾಲರಿನಲ್ಲೇ ಇದ್ದ ಇಂಥ ದೋಷಗಳನ್ನು ಮೈಕ್ರೋಸಾಫ್ಟ್ 2021ರ ನವೆಂಬರ್‌ನಲ್ಲಿಯೂ 2024ರ ಸೆಪ್ಟೆಂಬರ್‌ನಲ್ಲಿಯೂ ಸರಿಪಡಿಸಿತು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿರುವುದರಿಂದ, ಅದರಲ್ಲೇ ಉಳಿದ ಯಂತ್ರಗಳನ್ನು ಪಟ್ಟಿಯಲ್ಲಿ ಬೇರೆಯಾಗಿ ಗುರುತಿಸಿ, ಮೊದಲು ಅವುಗಳನ್ನೇ ಬದಲಿಸಿ.