ಆಸ್ಪತ್ರೆಯ ಫೈಲಿನಲ್ಲಿರುವ ರೋಗದ ಹೆಸರುಗಳನ್ನು ಬಿಡಿಸಿ ಓದುವ ಬಗೆ

ಮತ್ಸ್ಯಗಂಧ ರೈಲಿನಲ್ಲಿ ಊರಿನಿಂದ ಬಂದಿಳಿದು, ಡೊಂಬಿವಿಲಿಯಲ್ಲೋ ಮುಲುಂಡಿನಲ್ಲೋ ಮಗನ ಮನೆಯಲ್ಲಿ ತಂಗಿ, ಪರೇಲಿನ ಕೆಇಎಂ ಅಥವಾ ಟಾಟಾ ಸ್ಮಾರಕ ಆಸ್ಪತ್ರೆಗೆ ಹೋಗಿಬರುವ ಹಿರಿಯರು ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಸದಾ ಇರುತ್ತಾರೆ. ವೈದ್ಯರು ಮರಾಠಿಯಲ್ಲೋ ಹಿಂದಿಯಲ್ಲೋ ಮಾತನಾಡುತ್ತಾರೆ, ಫೈಲು ಇಂಗ್ಲಿಷಿನಲ್ಲಿರುತ್ತದೆ, ರೋಗಿಗೆ ತಿಳಿಯುವುದು ಕನ್ನಡ ಅಥವಾ ತುಳು. ಈ ಮೂರರ ನಡುವೆ ನಿಲ್ಲುವ ಮಗನಿಗೋ ಸೊಸೆಗೋ ನೆರವಾಗಲೆಂದು ಈ ಬರಹ. ರೋಗವನ್ನು ನಾವೇ ಪತ್ತೆಹಚ್ಚುವುದು ಇದರ ಉದ್ದೇಶವಲ್ಲ. ವೈದ್ಯರಿಗೆ ಸರಿಯಾದ ಪ್ರಶ್ನೆ ಕೇಳುವುದು, ಅವರು ಹೇಳಿದ್ದನ್ನು ಮನೆಯವರಿಗೆ ತಪ್ಪಿಲ್ಲದೆ ಮುಟ್ಟಿಸುವುದು, ಇಷ್ಟೇ.

ಉದ್ದನೆಯ ಹೆಸರು ಎದುರಾದಾಗ ಅದನ್ನು ಕೊನೆಯಿಂದ ಓದಲು ಆರಂಭಿಸಬೇಕು. ಏನಾಗಿದೆ ಅಥವಾ ಏನು ಮಾಡಿದ್ದಾರೆ ಎಂಬುದನ್ನು ಸಾಮಾನ್ಯವಾಗಿ ಕೊನೆಯ ತುಂಡು ಹೇಳುತ್ತದೆ. ಯಾವ ಅಂಗ ಎಂಬುದನ್ನು ಮೊದಲ ತುಂಡು ಹೇಳುತ್ತದೆ. ‘ಐಟಿಸ್’ ಎಂದರೆ ಉರಿಯೂತ. ಆದ್ದರಿಂದ ಹೆಪಟೈಟಿಸ್ ಯಕೃತ್ತಿನ ಉರಿಯೂತ, ಆರ್ಥ್ರೈಟಿಸ್ ಕೀಲುಗಳ ಉರಿಯೂತ. ಉರಿಯೂತವೆಲ್ಲ ಸೋಂಕಲ್ಲ ಎಂಬುದನ್ನು ಮಾತ್ರ ಮರೆಯಬಾರದು. ಮದ್ಯಪಾನದಿಂದಲೂ ಕೆಲವು ಔಷಧಗಳಿಂದಲೂ ಹೆಪಟೈಟಿಸ್ ಬರುತ್ತದೆ, ಹಾಗಾಗಿ ಆ ಹೆಸರು ಕಂಡ ಕೂಡಲೇ ರೋಗಿಯ ತಟ್ಟೆ ಲೋಟವನ್ನು ಬೇರೆ ಇಡುವುದು ಸರಿಯಲ್ಲ, ಯಾವ ಬಗೆಯದೆಂದು ಮೊದಲು ಕೇಳಬೇಕು. ‘ಎಕ್ಟಮಿ’ ಎಂದರೆ ಕತ್ತರಿಸಿ ತೆಗೆಯುವುದು, ‘ಆಸ್ಟಮಿ’ ಎಂದರೆ ಹೊರಕ್ಕೆ ದಾರಿಯೊಂದನ್ನು ಮಾಡುವುದು. ಕೊಲೆಕ್ಟಮಿಯಲ್ಲಿ ದೊಡ್ಡ ಕರುಳನ್ನು ಪೂರ್ತಿಯಾಗಿಯೋ ಭಾಗಶಃವೋ ತೆಗೆದಿರುತ್ತಾರೆ. ಕೊಲಾಸ್ಟಮಿಯಲ್ಲಿ ಮಲ ಹೊರಬರಲು ಹೊಟ್ಟೆಯ ಮೇಲೆ ರಂಧ್ರ ಮಾಡಿರುತ್ತಾರೆ, ಆಗ ಚೀಲ ಬದಲಿಸುವುದನ್ನು ಮನೆಯವರಲ್ಲೊಬ್ಬರು ಡಿಸ್ಚಾರ್ಜ್‌ಗೆ ಮುಂಚೆ ನರ್ಸ್ ಹತ್ತಿರ ಕಲಿತುಕೊಳ್ಳಲೇಬೇಕು.

ಒಂದೇ ಅಂಗಕ್ಕೆ ಎರಡು ಹೆಸರುಗಳಿರುವುದು ಹಲವರನ್ನು ಗಾಬರಿಗೊಳಿಸುತ್ತದೆ. ಗ್ರೀಕ್ ಮೂಲದ ‘ನೆಫ್ರೊ’ ಮತ್ತು ಲ್ಯಾಟಿನ್ ಮೂಲದ ‘ರೀನಲ್’ ಎರಡೂ ಮೂತ್ರಪಿಂಡವೇ. ಫೈಲಿನ ಒಂದು ಪುಟದಲ್ಲಿ ಡಯಾಬಿಟಿಕ್ ನೆಫ್ರೋಪಥಿ, ಇನ್ನೊಂದರಲ್ಲಿ ರೀನಲ್ ಫೇಲ್ಯೂರ್ ಎಂದಿದ್ದರೆ ಎರಡು ಅಂಗಗಳು ಕೆಟ್ಟಿವೆ ಎಂದು ಅರ್ಥವಲ್ಲ.

‘ಓಮ’ ಎಂಬ ಕೊನೆಯ ಬಗ್ಗೆ ಹೆಚ್ಚು ಎಚ್ಚರ ಬೇಕು, ಏಕೆಂದರೆ ಮನೆಮಂದಿಯ ನಿದ್ದೆಗೆಡಿಸುವುದು ಇದೇ. ಓಮ ಎಂದರೆ ಬಹುತೇಕ ಗಡ್ಡೆ, ಆದರೆ ಗಡ್ಡೆಯೆಲ್ಲ ಕ್ಯಾನ್ಸರಲ್ಲ. ಲಿಪೋಮ ಚರ್ಮದಡಿಯ ಕೊಬ್ಬಿನ ಗಂಟು, ಸಾಮಾನ್ಯವಾಗಿ ನಿರುಪದ್ರವಿ. ಹಿಮಟೋಮ ರಕ್ತ ಒಂದೆಡೆ ಸೇರಿ ನಿಂತದ್ದು. ಗ್ಲಾಕೋಮದಲ್ಲಂತೂ ಗಡ್ಡೆಯೇ ಇಲ್ಲ, ಅದು ಕಣ್ಣಿನ ನರವನ್ನು ಹಾಳುಮಾಡುವ ರೋಗ. ಆದರೆ ಕಾರ್ಸಿನೋಮ, ಸಾರ್ಕೋಮ, ಲಿಂಫೋಮ, ಮೆಲನೋಮ ಇವೆಲ್ಲ ಕ್ಯಾನ್ಸರ್‌ಗಳೇ. ಆದ್ದರಿಂದ ಇಲ್ಲಿ ಕೊನೆಯ ತುಂಡನ್ನು ನಂಬಿ ಕೂರಬಾರದು. ಬಯಾಪ್ಸಿ (ಗಡ್ಡೆಯ ತುಣುಕಿನ ಪರೀಕ್ಷೆ) ವರದಿಯಲ್ಲಿ ‘ಬಿನೈನ್’ (ಕ್ಯಾನ್ಸರಲ್ಲದ್ದು) ಎಂದಿದೆಯೋ ‘ಮ್ಯಾಲಿಗ್ನೆಂಟ್’ (ಕ್ಯಾನ್ಸರ್) ಎಂದಿದೆಯೋ ನೋಡಿ, ವೈದ್ಯರ ಬಾಯಿಂದಲೇ ಕೇಳಿಕೊಳ್ಳಬೇಕು. ಸಿ ಮತ್ತು ಎ ಎಂಬ ಎರಡಕ್ಷರ ರೋಗದ ಹೆಸರಿನಲ್ಲಿ ಅಂಗದ ಪಕ್ಕ ಬಂದರೆ ಕಾರ್ಸಿನೋಮ, ರಕ್ತಪರೀಕ್ಷೆಯ ಪಟ್ಟಿಯಲ್ಲಿ ಬಂದರೆ ಬರೀ ಕ್ಯಾಲ್ಸಿಯಂ.

ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವವರು ಕೆಲವು ಜೋಡಿಗಳನ್ನು ವಿಶೇಷವಾಗಿ ಗಮನಿಸಬೇಕು. ‘ಇಲಿಯಮ್’ ಎಂದು ಬರೆದರೆ ಅದು ಸಣ್ಣ ಕರುಳಿನ ಕೊನೆಯ ಭಾಗವೂ ಆಗಬಹುದು, ಸೊಂಟದ ಎಲುಬೂ ಆಗಬಹುದು. ಇಂಗ್ಲಿಷ್ ಕಾಗುಣಿತದ ಮೂರನೆಯ ಅಕ್ಷರ ಇ (e) ಆದರೆ ಕರುಳು, ಐ (i) ಆದರೆ ಎಲುಬು. ಪಾರ್ಶ್ವವಾಯು ಬಡಿದವರ ಫೈಲಿನಲ್ಲಿ ಅಫೇಸಿಯ ಮತ್ತು ಡಿಸ್ಫೇಜಿಯ ಅಕ್ಕಪಕ್ಕವೇ ಇರಬಹುದು. ಮೊದಲನೆಯದು ಮಾತಿನ ತೊಂದರೆ, ಎರಡನೆಯದು ನುಂಗುವ ತೊಂದರೆ. ಎರಡನೆಯದನ್ನು ಗಮನಿಸದೆ ಪ್ರೀತಿಯಿಂದ ಒಂದು ಲೋಟ ಗಂಜಿ ಕುಡಿಸಿದರೆ ಅದು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗುವ ಅಪಾಯವಿದೆ. ಹೈಪರ್ ಎಂದರೆ ಹೆಚ್ಚು, ಹೈಪೊ ಎಂದರೆ ಕಡಿಮೆ. ಫೋನಿನಲ್ಲಿ ಹೇಳುವಾಗ ಇವೆರಡೂ ಒಂದೇ ಥರ ಕೇಳಿಸುವುದರಿಂದ ‘ಸಕ್ಕರೆ ಏರಿದೆ’ ಅಥವಾ ‘ಸಕ್ಕರೆ ಇಳಿದಿದೆ’ ಎಂದೇ ಹೇಳಿ. ಮಧುಮೇಹಿಗಳಲ್ಲಿ ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಅದು ಹೈಪೊ. ಎಚ್ಚರವಿರುವವರಿಗೆ, ನುಂಗಲು ಬರುವವರಿಗೆ ಕೂಡಲೇ ಸಿಹಿ ಕೊಡಬೇಕು, ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು.

‘ಅಕ್ಯೂಟ್’ ಎಂದರೆ ಭಯಂಕರ ಎಂದಲ್ಲ, ಇತ್ತೀಚೆಗೆ ಥಟ್ಟನೆ ಬಂದದ್ದು. ‘ಕ್ರಾನಿಕ್’ ಬಹುಕಾಲದಿಂದ ಇರುವುದು. ರೋಗದ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಇದ್ದರೆ ಅದು ವೈದ್ಯರ ಅನುಮಾನವಷ್ಟೇ, ತೀರ್ಮಾನವಲ್ಲ. ಸ್ಕ್ಯಾನ್ ವರದಿಯಲ್ಲಿ ‘ಅನ್‌ರಿಮಾರ್ಕಬಲ್’ ಎಂದಿದ್ದರೆ ಅಲ್ಲಿ ದೋಷವೇನೂ ಕಂಡಿಲ್ಲ ಎಂದರ್ಥ. ಮಾತ್ರೆಯ ಪಕ್ಕದ ‘ಓಡಿ’ ದಿನಕ್ಕೊಮ್ಮೆ, ಆದರೆ ಕಣ್ಣಿನ ವೈದ್ಯರ ಚೀಟಿಯಲ್ಲಿ ಅದೇ ಎರಡಕ್ಷರ ಬಲಗಣ್ಣನ್ನು ಸೂಚಿಸುತ್ತದೆ.

ಮುಂಬಯಿಯ ಮಳೆಗಾಲದಲ್ಲಿ ಇನ್ನೆರಡು ಹೆಸರುಗಳು ಪದೇ ಪದೇ ಕಾಣುತ್ತವೆ. ಡೆಂಗ್ಯೂ ಜ್ವರದ ವರದಿಯ ಥ್ರಾಂಬೊಸೈಟೊಪೀನಿಯ ಎಂದರೆ ಪ್ಲೇಟ್‌ಲೆಟ್ ಕಡಿಮೆಯಾಗಿರುವುದು. ‘ಪೀನಿಯ’ ಎಂದರೆ ಕೊರತೆ. ಇನ್ನೊಂದು ಲೆಪ್ಟೊಸ್ಪೈರೋಸಿಸ್, ನಮ್ಮ ಕರಾವಳಿಯವರು ಇಲಿಜ್ವರ ಎಂದು ಬಲ್ಲ ರೋಗ, 2005ರ ಜುಲೈ ಪ್ರವಾಹದ ಬಳಿಕ ಈ ನಗರದಲ್ಲಿ ಹರಡಿದ್ದು. ನಿಂತ ನೀರಿನಲ್ಲಿ ನಡೆದುಬಂದವರಿಗೆ ಜ್ವರ ಬಂದರೆ ಆ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು, ಕೇಳದಿದ್ದರೂ ಹೇಳಬೇಕು.

ಓದಿದ್ದನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. ಎಡಪುಟದಲ್ಲಿ ಫೈಲಿನಲ್ಲಿದ್ದ ಹೆಸರನ್ನು ಇಂಗ್ಲಿಷ್ ಕಾಗುಣಿತದಲ್ಲೇ ಇಳಿಸಿಕೊಳ್ಳಿ, ಬಲಪುಟದಲ್ಲಿ ವೈದ್ಯರು ವಿವರಿಸಿದ್ದನ್ನು ಕನ್ನಡದಲ್ಲಿ ಬರೆಯಿರಿ, ಒಂದರ ಬದಲು ಇನ್ನೊಂದನ್ನು ಇಡಬೇಡಿ. ಮುಂದಿನ ಭೇಟಿಯಲ್ಲಿ ವೈದ್ಯರು ಬದಲಾಗಿದ್ದರೆ ಅವರಿಗೆ ತೋರಿಸಬೇಕಾದದ್ದು ಎಡಪುಟ. ಊರಿನಿಂದ ಅಣ್ಣ ಫೋನ್ ಮಾಡಿದರೆ ಓದಿ ಹೇಳಬೇಕಾದದ್ದು ಬಲಪುಟ.

ರೋಗಿಯ ಮಾತನ್ನು ವೈದ್ಯರಿಗೆ ತಿಳಿಸುವಾಗಲೂ ಇದೇ ಜಾಗ್ರತೆ ಇರಲಿ. ನಮ್ಮ ಹಿರಿಯರು ಎದೆಯುರಿ, ಹೊಟ್ಟೆಯುಬ್ಬರ, ಎದೆ ಹಿಂಡಿದಂತಾಗುವುದು ಎಲ್ಲಕ್ಕೂ ‘ಗ್ಯಾಸ್ಟ್ರಿಕ್’ ಎಂದುಬಿಡುತ್ತಾರೆ. ಆ ಶಬ್ದವನ್ನು ಹಾಗೆಯೇ ದಾಟಿಸಿದರೆ ಹೃದಯಾಘಾತದ ನೋವು ಹೊಟ್ಟೆಯ ತೊಂದರೆಯಾಗಿ ದಾಖಲಾಗುವ ಅಪಾಯವಿದೆ. ನೋವು ಎಲ್ಲಿದೆ, ಎಡತೋಳಿಗೋ ದವಡೆಗೋ ಹರಡುತ್ತಿದೆಯೇ, ಬೆವರುತ್ತಿದ್ದಾರೆಯೇ, ಯಾವಾಗಿನಿಂದ ಎಂದು ಅವರಿಂದ ಕೇಳಿ ತಿಳಿದು ಹಾಗೆಯೇ ಹೇಳಿ. ಅಂಥ ಲಕ್ಷಣಗಳಿದ್ದರೆ ಹೆಸರು ಹುಡುಕುತ್ತ ಕೂರದೆ 108ಕ್ಕೆ ಕರೆ ಮಾಡಿ, ಕ್ಯಾಜುವಾಲ್ಟಿಯಲ್ಲಿ ಮರಾಠಿಯಲ್ಲಿ ‘ಛಾತೀತ್ ದುಖ್ತಂಯ್’ (ಎದೆ ನೋಯುತ್ತಿದೆ) ಎಂದು ಮೊದಲ ಮಾತಿನಲ್ಲೇ ತಿಳಿಸಿ ಇಸಿಜಿ ಮಾಡಲು ಕೇಳಿ.